ಜಕಾತ್ ಅಂದ್ರೆ ಜಕಾತಿನೇನಾ?

ರಂಜಾನ್ ಬಂತೆಂದರೆ ದಾವಣಗೆರೆಯ ಭತ್ತದ ಮಂಡಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಏನ್ ಸಾಬ್ರೆ, ಈ ಜಕಾತ್ ಅಂದ್ರೆ ತೆರಿಗೆನಾ, ದಾನನಾ?’ ವಯಸ್ಸಾದವರಿಗೆ ಹಳೇ ಜಕಾತಿ ಕಟ್ಟೆ ನೆನಪಾಗುತ್ತದೆ. ಅದರಲ್ಲೂ ಸತ್ಯವಿದೆ. ಅರಬ್ಬಿಯ ‘ಜಕಾತ್’ ಪಾರಸಿಯನ್ನು ಹಾಯ್ದು ಕನ್ನಡಕ್ಕೆ ಬಂದಾಗ ಸುಂಕದ ‘ಜಕಾತಿ’ ಆಗಿತ್ತು. ಮೂಲದಲ್ಲಿ ಅದಕ್ಕೆ ಶುದ್ಧಿ, ಬೆಳವಣಿಗೆ ಎಂಬ ಅರ್ಥ.

ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಸಂಪತ್ತಿನಲ್ಲಿ ಕೊಡಲೇಬೇಕಾದ ಪಾಲು ಜಕಾತ್. ನಾನು ಹೇಳುವುದು, ಅದು ಬಾಕಿ. ನಮಾಜು ಮಾಡುವವರ ಸಂಪತ್ತಿನಲ್ಲಿ ಬೇಡುವವರಿಗೂ ಇಲ್ಲದವರಿಗೂ ಗೊತ್ತುಪಡಿಸಿದ ಹಕ್ಕಿದೆ ಎಂದು ಕುರ್‌ಆನಿನ 70ನೇ ಅಧ್ಯಾಯದಲ್ಲಿದೆ. ಹಕ್ಕು ಅಂದಮೇಲೆ ಕೊಟ್ಟವನು ದಾನಿ ಹೇಗಾದಾನು?

ನಮ್ಮದು ಮಂಡಕ್ಕಿ ಭಟ್ಟಿ. ರಂಜಾನಿನಲ್ಲಿ ಒಂದು ದಿನ ಅಬ್ಬಾ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಬರೆಯಲು ಕೂರುತ್ತಿದ್ದರು. ಭತ್ತದ ಚೀಲ, ಮಾರಾಟಕ್ಕಿಟ್ಟ ಮಂಡಕ್ಕಿ, ಕೈಯಲ್ಲಿರುವ ನಗದು, ಅಮ್ಮಿಯ ಬಂಗಾರ ಎಲ್ಲ ಬರೆಯುತ್ತಿದ್ದರು. ಭಟ್ಟಿಯ ಕಟ್ಟಡ, ಮರಳು ಕಾಯಿಸುವ ಬಾಣಲೆ ಬರೆಯುತ್ತಿರಲಿಲ್ಲ. ದುಡಿಯುವ ಸಲಕರಣೆಗೆ ಜಕಾತ್ ಇಲ್ಲ, ಮಾರುವ ಸರಕಿಗೆ ಇದೆ. ಸರಕು, ನಗದು ಎಲ್ಲ ಸೇರಿ ನಾಲ್ಕೂವರೆ ಲಕ್ಷ, ಕೊಡಬೇಕಾದ ಸಾಲ 50 ಸಾವಿರ ಇದ್ದರೆ ಉಳಿದ 4 ಲಕ್ಷಕ್ಕೆ ನೂರಕ್ಕೆ ಎರಡೂವರೆಯಂತೆ 10 ಸಾವಿರ. ಇಷ್ಟಿದ್ದವರೇ ಕೊಡಬೇಕು ಎಂಬ ಮಿತಿಗೆ ನಿಸಾಬ್ ಎನ್ನುತ್ತೇವೆ: ಏಳೂವರೆ ತೊಲ ಬಂಗಾರ, ಇಲ್ಲವೇ ಐವತ್ತೆರಡೂವರೆ ತೊಲ ಬೆಳ್ಳಿ. ಅಷ್ಟು ಸಂಪತ್ತು ಕೈಗೆ ಬಂದು ಚಾಂದ್ರಮಾನದ ಒಂದು ವರ್ಷ ದಾಟಿರಬೇಕು. ಬೆಳೆಯ ಪಾಲಿಗೆ ಉಶರ್ ಎಂದು ಹೆಸರು. ಜಗಳೂರಿನ ಕಡೆಯಂಥ ಮಳೆಯಾಶ್ರಿತ ಹೊಲಕ್ಕೆ ಹತ್ತರಲ್ಲೊಂದು, ಪಂಪ್‌ಸೆಟ್ಟಿನಿಂದ ನೀರೆತ್ತಿ ಬೆಳೆದರೆ ಇಪ್ಪತ್ತರಲ್ಲೊಂದು. ರೈತನ ಖರ್ಚನ್ನು ನೋಡಿ ಪಾಲು ಇಳಿಸಿದ ಈ ನಿಯಮ ನನಗೆ ಬಹಳ ಇಷ್ಟ.

ಯಾರಿಗೆ ಕೊಡಬೇಕು ಎಂಬುದೂ ನಿಗದಿ. ಕುರ್‌ಆನ್ ಎಂಟು ಬಗೆಯವರನ್ನು ಹೇಳುತ್ತದೆ. ಬಡವರು, ಸಾಲದಲ್ಲಿ ಸಿಕ್ಕಿದವರು, ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕರು ಅದರಲ್ಲಿದ್ದಾರೆ. ಹೆತ್ತವರಿಗೆ, ಮಕ್ಕಳಿಗೆ ಕೊಡುವಂತಿಲ್ಲ, ಅವರನ್ನು ಸಾಕುವುದು ಹೇಗೂ ನಮ್ಮ ಕರ್ತವ್ಯ. ಜಕಾತನ್ನು ಮುಸ್ಲಿಮರಿಗೇ ಕೊಡಬೇಕು ಎನ್ನುತ್ತಾರೆ ಬಹುಪಾಲು ಉಲೇಮಾಗಳು, ಅಂದರೆ ಧರ್ಮ ಬಲ್ಲ ವಿದ್ವಾಂಸರು. ಮನಸ್ಸಿದ್ದಷ್ಟು ಕೊಡುವುದು ಸದಕಾ, ಅದನ್ನು ಯಾರಿಗೂ ಕೊಡಬಹುದು. ನೀವು ದಾನ ಅನ್ನುವುದಕ್ಕೆ ಹತ್ತಿರವಾದದ್ದು ಅದು. ಈದ್ ನಮಾಜಿಗೆ ಮುಂಚೆ ಮನೆಯ ತಲೆಲೆಕ್ಕದಲ್ಲಿ ಕೊಡುವ ಫಿತ್ರಾ ಬೇರೆ.

ಒಮ್ಮೆ ಅಬ್ಬಾ ನನ್ನ ಕೈಗೆ ಲಕೋಟೆ ಕೊಟ್ಟು, ಓಣಿಯ ಕೊನೆಯ ಮನೆಯ ಖಾಲಾಗೆ ಕೊಟ್ಟು ಬಾ ಎಂದರು. ‘ಜಕಾತ್ ಅಂತ ಹೇಳ್ಲಾ?’ ಎಂದು ಕೇಳಿದೆ. ‘ಹೇಳೋದು ಬೇಡ. ಅವರದ್ದನ್ನೇ ಅವರಿಗೆ ಮುಟ್ಟಿಸ್ತಿದೀವಿ,’ ಅಂದರು. ಬಾಗಿಲಲ್ಲಿ ನಿಲ್ಲದೆ ಬರಬೇಕು ಎಂದೂ ಹೇಳಿದ್ದರು.

ಮೊನ್ನೆ ಮಂಡಿಯ ಅಣ್ಣ ಇನ್ನೊಂದು ಕೇಳಿದ: ‘ಅದಿರ್ಲಿ, ರಂಜಾನ್ ಬಂದ್ರೆ ನೀವು ನಮ್ಮ ಬಾಕಿ ಎಷ್ಟು ಅಂತ ಪೈಸೆ ಬಿಡದೆ ಕೇಳ್ತೀರಲ್ಲ, ಯಾಕೆ?’ ಅದಕ್ಕೇ ಅಣ್ಣಾ. ನಿಮಗೆ ಕೊಡಬೇಕಾದದ್ದನ್ನು ಕಳೆದ ಮೇಲೇ ಖಾಲಾನ ಪಾಲು ಎಷ್ಟೆಂದು ಗೊತ್ತಾಗೋದು.