ಅಟ್ಟ ಹಗುರಾದ ಮೇಲೆ

ಧಾರವಾಡದ ನಮ್ಮ ಮನೆಯಲ್ಲಿ ನವರಾತ್ರಿಯ ಘಟಸ್ಥಾಪನೆಗೆ ಮುಂಚಿನ ವಾರವೆಂದರೆ ಹೆಂಗಸರ ಸೊಂಟ ಬಿದ್ದುಹೋಗುವ ವಾರ. ಹಾಸಿಗೆ, ಹೊದಿಕೆ, ಕೌದಿಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಒಣಹಾಕಬೇಕು, ಅಡುಗೆಮನೆಯ ಗೋಡೆಗೆ ಹತ್ತಿದ ಜಿಡ್ಡನ್ನು ತಿಕ್ಕಬೇಕು, ಅಟ್ಟದ ಮೇಲಿರುವ ಹಂಡೆ, ಕೊಡ, ಬೋಗುಣಿ, ಪರಾತ, ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿ, ಹಿತ್ತಾಳೆ ತಾಮ್ರದವುಗಳಿಗೆ ಹುಣಸೆಹಣ್ಣು ಹಚ್ಚಿ ಬೆಳಗಬೇಕು. ಬೆಳಗಿದ ಮೇಲೆ ಅವನ್ನು ಮತ್ತೆ ಅಟ್ಟಕ್ಕೇ ಏರಿಸುತ್ತಿದ್ದೆವು. ನಾನು ಈ ಮನೆಗೆ ಸೊಸೆಯಾಗಿ ಬಂದು 17 ವರ್ಷಗಳಾದವು. ಅಷ್ಟು ವರ್ಷಗಳಲ್ಲಿ ಆ ದೊಡ್ಡ ಹಿತ್ತಾಳೆಯ ಪರಾತದಲ್ಲಿ ಒಮ್ಮೆಯೂ ಹಿಟ್ಟು ನಾದಿದ್ದನ್ನು ನಾನು ಕಂಡಿಲ್ಲ, ಆದರೆ ಪ್ರತಿ ದಸರೆಗೂ ತಪ್ಪದೆ ಅದನ್ನು ಬೆಳಗಿದ್ದೇನೆ.

ಎರಡು ವರ್ಷಗಳ ಹಿಂದೆ ಹೀಗೆ ಇಳಿಸಿದ್ದನ್ನೆಲ್ಲ ಪಡಸಾಲೆಯಲ್ಲಿ ಹರವಿ, ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು ಎಣಿಸಲು ಹೇಳಿದೆ. ಐದು ಜನರಿರುವ ಮನೆಯಲ್ಲಿ 64 ಸ್ಟೀಲ್ ಲೋಟಗಳು, 41 ಡಬ್ಬಿಗಳು, ನಾಲ್ಕು ಕುಕ್ಕರುಗಳು, ಒಂದು ಟ್ರಂಕಿನ ತುಂಬ 113 ಕುಪ್ಪಸದ ತುಂಡುಗಳು ಸಿಕ್ಕವು. ಇವುಗಳಲ್ಲಿ ಹೆಚ್ಚಿನವನ್ನು ನಾವು ಕೊಂಡವರೇ ಅಲ್ಲ. ಲೋಟಗಳ ಮೈಮೇಲೆ ಪಾತ್ರೆ ಅಂಗಡಿಯವರು ಸೂಜಿಯಂಥ ಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರುಗಳಿದ್ದವು, ಮದುವೆಯ ತಾರೀಖುಗಳಿದ್ದವು. ಒಂದರ ಮೇಲೆ 12-5-1994 ಎಂದಿತ್ತು. ಕೊಟ್ಟವರು ಈಗಿಲ್ಲ, ಯಾರ ಮದುವೆಗೆ ಕೊಟ್ಟರೋ ಆಕೆಗೆ ಮದುವೆಗೆ ಬಂದ ಮಗಳಿದ್ದಾಳೆ, ಆ ಲೋಟದಲ್ಲಿ ಮಾತ್ರ ಇಂದಿಗೂ ಯಾರೂ ನೀರು ಕುಡಿದಿಲ್ಲ.

ನಮ್ಮ ಮನೆಗಳಲ್ಲಿ ಸಾಮಾನು ತುಂಬುವುದು ಬರೀ ಆಸೆಯಿಂದ ಎಂದು ನನಗೆ ಅನ್ನಿಸುವುದಿಲ್ಲ. ಅದು ತುಂಬುವುದು ದಾಕ್ಷಿಣ್ಯದಿಂದ. ಮದುವೆಗೆ ಹೋದರೆ ಆಯೇರಿ, ಅಂದರೆ ಉಡುಗೊರೆ, ಮಾಡಬೇಕು, ಅವರು ಮಾಡಿದ್ದನ್ನು ನಾವು ಮರಳಿಸಬೇಕು, ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಿಯೇ ಕಳಿಸಬೇಕು. ಹಾಗಾಗಿ ಒಂದೇ ಕುಪ್ಪಸದ ತುಂಡು ಹತ್ತಾರು ಮನೆಗಳ ಟ್ರಂಕುಗಳನ್ನು ಸುತ್ತಿ, ಮಡಿಕೆಯ ಗೆರೆಯಲ್ಲೇ ಜೀರ್ಣವಾಗುತ್ತದೆ. ನಮ್ಮ ಟ್ರಂಕಿನಲ್ಲಿದ್ದ ತುಂಡುಗಳಲ್ಲಿ ಹೆಚ್ಚಿನವು ಹೊಲಿಸಿದರೆ ಮೈಗೆ ಅಂಟುವ ತೆಳು ಪಾಲಿಯೆಸ್ಟರಿನವು, ಕೊಡುವುದಕ್ಕೆಂದೇ ಹುಟ್ಟಿದವು, ಉಡುವುದಕ್ಕಲ್ಲ. ಅವುಗಳ ನಡುವೆ ಒಂಬತ್ತು ಗುಳೇದಗುಡ್ಡದ ಖಣಗಳೂ ಇದ್ದವು. ಬಾಗಲಕೋಟೆ ಜಿಲ್ಲೆಯ ನೇಕಾರರು ಮಗ್ಗದಲ್ಲಿ ಕುಳಿತು ಸಣ್ಣ ಸಣ್ಣ ಹೂವು ಚುಕ್ಕೆಗಳನ್ನು ಎತ್ತಿ ನೇಯ್ದ ಅರಿವೆಯನ್ನು ಇಷ್ಟು ವರ್ಷ ನುಸಿಗುಳಿಗೆಯ ಜೊತೆ ಕತ್ತಲಲ್ಲಿ ಇಟ್ಟೆವಲ್ಲ ಎಂದು ನನಗೆ ನಿಜಕ್ಕೂ ನೋವಾಯಿತು. ಆ ಒಂಬತ್ತನ್ನೂ ನಮ್ಮ ಮನೆಯ ಹೆಂಗಸರೇ ಹಂಚಿಕೊಂಡು ಹೊಲಿಸಿಕೊಂಡೆವು, ಈಗ ಉಡುತ್ತಿದ್ದೇವೆ.

ಆ ಉತ್ಸಾಹದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅಟ್ಟದ ಮೂಲೆಯಲ್ಲಿ ಉದ್ದನೆಯದೊಂದು ಹಲಗೆ ಒರಗಿತ್ತು, ಅದರ ಒಂದು ತುದಿಯನ್ನು ಗೆದ್ದಲು ತಿಂದಿತ್ತು. ಅತ್ತೆಯವರು ಮಠಕ್ಕೆ ಹೋಗಿದ್ದಾಗ ಗುಜರಿಯವನು ಬಂದ, ಹಳೆಯ ಕಬ್ಬಿಣದ ಜೊತೆ ಅದನ್ನೂ ಅವನ ಗಾಡಿಗೆ ಹಾಕಿಬಿಟ್ಟೆ. ಅದು ಶಾವಿಗೆ ಮಣೆಯಾಗಿತ್ತು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಅದರ ಸಣ್ಣ ಗೆರೆಗಳ ಮೇಲೆ ಗೋಧಿ ಕಣಕವನ್ನು ಅಂಗೈಯಿಂದ ಹೊಸೆದು, ಕೂದಲೆಳೆಯಂಥ ಶಾವಿಗೆಯನ್ನು ಕೋಲಿಗೆ ಇಳಿಬಿಡುತ್ತಿದ್ದ ಕಾಲವನ್ನು ನಾನು ಈ ಮನೆಯಲ್ಲಿ ಕಂಡಿರಲಿಲ್ಲ. ಸಂಜೆ ಅತ್ತೆಯವರು ಮೂಲೆಯನ್ನು ನೋಡಿ, "ಅದನ್ನ ನಮ್ಮಪ್ಪ ಮದುವ್ಯಾಗ ಮಾಡಿಸಿಕೊಟ್ಟಿದ್ದವಾ, ಒಂದು ಮಾತು ಕೇಳಬೇಕಿತ್ತು ನೀನು" ಎಂದಷ್ಟೇ ಹೇಳಿದರು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಗುಜರಿ ಅಂಗಡಿಗೆ ಓಡಿದೆ, ಅಷ್ಟರಲ್ಲಿ ಅದು ಯಾರದೋ ಒಲೆ ಸೇರಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಒಬ್ಬರ ವಸ್ತುವಿನ ಬಗ್ಗೆ ಇನ್ನೊಬ್ಬರು ತೀರ್ಮಾನ ಮಾಡುವುದಿಲ್ಲ, ಅದು ಎಂಟು ವರ್ಷದ ಮಗನ ಮುರಿದ ಬುಗುರಿಯೇ ಆಗಿದ್ದರೂ.

ಆಮೇಲೆ ಕೆಲಸ ನಿಧಾನವಾಯಿತು, ಆದರೆ ಹದಕ್ಕೆ ಬಂತು. ಬಿಸಾಡುವುದು ಎಂಬ ಮಾತನ್ನೇ ಬಿಟ್ಟೆವು. ಯಾವ ವಸ್ತು ಯಾರ ಕೈಯಲ್ಲಿ ದುಡಿದೀತು ಎಂದು ಕೇಳತೊಡಗಿದಾಗ ಅತ್ತೆಯವರೇ ಮುಂದೆ ನಿಂತು ದಾರಿ ತೋರಿಸಿದರು. ದೊಡ್ಡ ಪರಾತ, ಎರಡು ಹಂಡೆ, ಬೋಗುಣಿಗಳು ಅವರ ತವರೂರಿನ ಮಠದ ದಾಸೋಹಕ್ಕೆ ಹೋದವು. ಕಳೆದ ಜಾತ್ರೆಯಲ್ಲಿ ಆ ಪರಾತದ ತುಂಬ ಗೋಧಿ ಹುಗ್ಗಿ ಇದ್ದುದನ್ನು ಕಂಡು ಬಂದ ದಿನ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮರೆಯಲಾರೆ. ಊಟಕ್ಕೆ ಕುಳಿತಾಗ ಮಕ್ಕಳಿಗೆ ಅವರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. 12ನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ತಂದಲ್ಲಿಗೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಕಥೆ ಅದು. ನನ್ನ ಮಗಳು, "ಹಂಗಾದ್ರ ಲಕ್ಕಮ್ಮಗ ಅಟ್ಟನ ಇರಲಿಲ್ಲೇನಜ್ಜಿ?" ಎಂದು ಕೇಳಿದಳು.

ಹಳೆಯ ಸೀರೆಗಳಿಗೆ ನಮ್ಮ ಕಡೆ ಮೊದಲಿನಿಂದಲೂ ಒಂದು ದಾರಿಯಿದೆ. ಕೌದಿ ಹೊಲಿಯುವ ತಾಯಿಯೊಬ್ಬರನ್ನು ಕರೆಸಿದೆವು. ಅವರು ಪಡಸಾಲೆಯಲ್ಲಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಗೈಯಿಂದ ಸುಕ್ಕು ಸವರಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಟಾಕು ಹಾಕುತ್ತ ಹೋದರು. ನೂರಾರು ಸಲ ಒಗೆದ ಇಳಕಲ್ಲ ಸೀರೆಯ ನೂಲು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿರುತ್ತದೆ. ಹೊಸ ಬಟ್ಟೆಯ ಕೌದಿಗೆ ಆ ಗುಣ ಬಾರದು. ಅತ್ತೆಯವರು ಬಾಣಂತನದಲ್ಲಿ ಉಟ್ಟಿದ್ದ ಸೀರೆಯ ಸೆರಗು ಈಗ ಮಗಳ ಹೊದಿಕೆಯ ನಡುಮಧ್ಯದಲ್ಲಿದೆ. ಎಂಟು ಸೀರೆಗಳಿಂದ ಎರಡು ಕೌದಿಗಳಾದವು, ಕಪಾಟಿನ ಒಂದು ಅರೆ ಪೂರ್ತಿ ತೆರವಾಯಿತು.

ಇನ್ನು ಚಿಕ್ಕದಾದ ಅಂಗಿ, ಆಟಿಕೆ, ಪುಸ್ತಕಗಳ ಮಾತು. 2023ರ ಮೇ ತಿಂಗಳಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಅಭಿಯಾನದಡಿ ದೇಶದ ನಗರಗಳಲ್ಲಿ ಆರ್‌ಆರ್‌ಆರ್ (ಬಳಕೆ ತಗ್ಗಿಸುವುದು, ಮರುಬಳಸುವುದು, ಮರುಸಂಸ್ಕರಿಸುವುದು) ಕೇಂದ್ರಗಳನ್ನು ತೆರೆದು, ಇಂಥವನ್ನೇ ತಂದುಕೊಡಿ ಎಂದು ಕೇಳಿದ್ದರು. ನನ್ನ ಅನುಭವದಲ್ಲಿ ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟ ಬಟ್ಟೆ ಎಲ್ಲಿದ್ದರೂ ಒಬ್ಬರ ಮೈ ಸೇರುತ್ತದೆ. ಹರಿದದ್ದನ್ನು ಗಂಟು ಕಟ್ಟಿ ಕೊಡುವುದು ನಮ್ಮ ಕಸವನ್ನು ಇನ್ನೊಬ್ಬರ ಬಾಗಿಲಲ್ಲಿ ಇಟ್ಟಂತೆ. ಔಷಧಿಯ ಡಬ್ಬಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ನಮ್ಮಲ್ಲಿ ಅವಧಿ ಮೀರಿದ 26 ಪಟ್ಟಿ ಮಾತ್ರೆಗಳು ಸಿಕ್ಕವು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮೀರಿದ ಔಷಧಿ, ಬಳಸಿದ ಬ್ಯಾಟರಿ, ಒಡೆದ ಪಾದರಸದ ಥರ್ಮಾಮೀಟರುಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೇಳಿದ್ದವು, ಆದ್ದರಿಂದ ಅವನ್ನು ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕಟ್ಟಿ ಕೊಟ್ಟೆವು.

ಹೊಸದಾಗಿ ಬರುವುದನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಉಡಿ ತುಂಬುವಾಗ ಬೇಡವೆನ್ನುವುದು ನಮ್ಮಿಂದಾಗದು, ಅದು ಆಶೀರ್ವಾದ. ಹಾಗಾಗಿ ನಾವು ತುಂಬುವ ಉಡಿಯಲ್ಲಿ ತೆಳು ತುಂಡಿನ ಬದಲು ಕೊಬ್ಬರಿ ಬಟ್ಟಲು, ಉತ್ತುತ್ತಿ, ಅಕ್ಕಿಗಳನ್ನು ಧಾರಾಳವಾಗಿ ಹಾಕುತ್ತೇವೆ. ಖಣ ಕೊಡುವುದಾದರೆ ಉಡುವಂಥದ್ದನ್ನೇ ಕೊಡುತ್ತೇವೆ. ಮಕ್ಕಳ ಹುಟ್ಟುಹಬ್ಬಕ್ಕೆ ಅವರ ಅತ್ತೆ ಮಾವಂದಿರು ಆಟಿಕೆ ತರುವ ಬದಲು ಒಂದು ದಿನ ಕರೆದುಕೊಂಡು ಹೋಗುತ್ತಾರೆ. ಸೋಮೇಶ್ವರ ಗುಡಿಯಲ್ಲಿ ಶಾಲ್ಮಲೆ ನದಿ ಹುಟ್ಟುವ ಜಾಗವನ್ನು ಮಗ ಮೊದಲು ನೋಡಿದ್ದು ಹಾಗೆ.

ಈ ವರ್ಷ ಅಟ್ಟದ ಕೆಲಸ ಒಂದೇ ಬೆಳಗಿನಲ್ಲಿ ಮುಗಿಯಿತು. ಮಧ್ಯಾಹ್ನ ಬಿಸಿಲಿಗೆ ಹಾಕಿದ ಕೌದಿಗಳ ಪಕ್ಕದಲ್ಲಿ ಅತ್ತೆಯವರೂ ನಾನೂ ಕುಳಿತು ಚಹಾ ಕುಡಿದೆವು. ದಸರೆಯ ಆ ವಾರದಲ್ಲಿ ನಾವಿಬ್ಬರೂ ಹೀಗೆ ಕುಳಿತದ್ದು ಇದೇ ಮೊದಲು. ಅಟ್ಟದ ಮೇಲೆ ಈಗ ಉಳಿದಿರುವುದು ಮಾವನವರ ಹಸಿರು ಟ್ರಂಕು ಒಂದೇ. ಅದರಲ್ಲಿ ಅವರ ಪತ್ರಗಳಿವೆ, ಕನ್ನಡಕವಿದೆ, ಇನ್ನೇನಿದೆಯೋ ನಮಗೆ ತಿಳಿಯದು. ಬೀಗದ ಕೈ ಅತ್ತೆಯವರ ಸೊಂಟದಲ್ಲಿದೆ. ಮುಚ್ಚಳದ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಾನು ಏಣಿ ಇಳಿದೆ.