ಇಟಾನಗರದ ಬಸ್ಸು ಹತ್ತುವ ಮುನ್ನ

ಗುವಾಹಟಿಯಿಂದ ಅರುಣಾಚಲ ಪ್ರದೇಶದ ರಾಜಧಾನಿ ಇಟಾನಗರಕ್ಕೆ ಹೊರಡುವವರು ಬಸ್ ಟಿಕೆಟ್‌ಗಿಂತ ಮೊದಲು ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಿ. ಹೊರಗಿನವರು ಆ ರಾಜ್ಯದೊಳಗೆ ಹೋಗಲು ಬೇಕಾದ ಅನುಮತಿ ಪತ್ರ ಇದು. ಅರ್ಜಿ, ಫೋಟೊ, ಗುರುತಿನ ಚೀಟಿ, ಶುಲ್ಕ ಎಲ್ಲವೂ ಆನ್‌ಲೈನ್. ನಮ್ಮ ಕಡೆಯವರು ಎಡವುವುದು ಇನಿಶಿಯಲ್‌ನಲ್ಲಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರಶಃ ಹಾಗೇ ತುಂಬಿ. ಹೋಗಬೇಕಾದ ಜಿಲ್ಲೆಗಳನ್ನೂ ಸರಿಯಾಗಿ ನಮೂದಿಸಿ.

ರಾತ್ರಿ ಬಸ್ಸುಗಳು ಹೊರಡುವ ಐಎಸ್‌ಬಿಟಿ (ಅಂತರರಾಜ್ಯ ಬಸ್ ನಿಲ್ದಾಣ) ಗುವಾಹಟಿಯ ಅಂಚಿನಲ್ಲಿದೆ. ರೈಲು ನಿಲ್ದಾಣದಿಂದ ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆಯಾದರೂ ಕೈಯಲ್ಲಿರಲಿ. ಅಸ್ಸಾಂ ಮುಗಿಯುವ ಬಂದರ್‌ದೇವಾ ಗೇಟಿನಲ್ಲಿ ಪರ್ಮಿಟ್ ತಪಾಸಣೆ. ನಿದ್ದೆಗಣ್ಣಲ್ಲಿ ಫೋನ್ ತಡಕುವಾಗ ಚಾರ್ಜೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಎರಡು ಪ್ರಿಂಟ್ ತೆಗೆದು ಒಂದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ, ಲಗೇಜಿನಲ್ಲಿ ಬೇಡ.

ನಮ್ಮದೇ ದೇಶದೊಳಗೆ ಅನುಮತಿ ಯಾಕೆ ಅನ್ನಿಸಬಹುದು. 1873ರ ಕಾಯ್ದೆಯಡಿ ಬ್ರಿಟಿಷರು ತಮ್ಮ ವ್ಯಾಪಾರಕ್ಕಾಗಿ ಎಳೆದ ‘ಇನ್ನರ್ ಲೈನ್’ ಎಂಬ ಗೆರೆಯನ್ನೇ ಅಲ್ಲಿನ ಜನ ಇಂದು ತಮ್ಮ ನೆಲದ ಬೇಲಿಯಾಗಿ ಕಾಯುತ್ತಿದ್ದಾರೆ. ಅವರ ಊರಿಗೆ ಕೇಳಿಕೊಂಡು ಹೋಗುವುದರಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ.

ವಾಪಸ್ ಬರುವ ದಿನಕ್ಕಿಂತ ಎರಡು ದಿನ ಹೆಚ್ಚಿಗೆ ಅವಧಿ ಇರುವಂತೆ ಪರ್ಮಿಟ್ ತೆಗೆಯಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಬಸ್ಸೇ ಹೊರಡುವುದಿಲ್ಲ. ಬಸ್ಸು ಸಿಗದಿದ್ದರೆ ಇಟಾನಗರದ ಪಕ್ಕದ ನಹರ್ಲಗುನ್‌ನಿಂದ ರೈಲೂ ಇದೆ.