ಹಿಂದಿನ ಬಂಪರಿನ ಹಳದಿ ಪಟ್ಟಿ

ಕಳೆದ ಭಾನುವಾರ ಬೆಳಿಗ್ಗೆ ಕಸದ ಡಬ್ಬಿ ಹಿಡಿದು ಹೊರಗೆ ಬಂದರೆ, ಪಕ್ಕದ ಮನೆಯ ಒಂಬತ್ತು ವರ್ಷದ ಹುಡುಗಿ ನಮ್ಮ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಬಂಪರನ್ನೇ ನೋಡುತ್ತಿದ್ದಳು. ಏನಾದರೂ ಕಳೆದುಕೊಂಡೆಯಾ ಎಂದು ಕೇಳಿದೆ. "ನಿಮಗೆ ಶುಕ್ರವಾರ ಲೈಸೆನ್ಸ್ ಬಂತಂತೆ. ಹಳದಿ ಪಟ್ಟಿ ಎಲ್ಲಿ?" ಎಂದಳು.

ಆ ಲೈಸೆನ್ಸಿನ ಮಾತನ್ನು ಯಾರೂ ಎತ್ತದಿದ್ದರೆ ಸಾಕು ಎಂದುಕೊಂಡಿದ್ದೆ. ಮೈಸೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದವಳು ನಾನು. ದಸರೆಯ ಜನಜಂಗುಳಿಯಲ್ಲಿ ಸಯ್ಯಾಜಿರಾವ್ ರಸ್ತೆಯನ್ನು ಹಾದಿದ್ದೇನೆ. ಅಮ್ಮನಿಗೆ ಎದೆನೋವು ಬಂದ ರಾತ್ರಿ ಸುರಿಯುವ ಮಳೆಯಲ್ಲಿ ಒಬ್ಬಳೇ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಇಲ್ಲಿ, ನಾರ್ತ್ ಕೆರೊಲಿನಾದ ಕಾನ್‌ಕಾರ್ಡ್‌ನಲ್ಲಿ, ಕಣ್ಣಿನ ಪರೀಕ್ಷೆಯಿಂದ ಹಿಡಿದು ಎಲ್ಲವೂ ಮೊದಲಿನಿಂದ. ವಿಮೆಯವರ ಕಾಗದದಲ್ಲಿ ಚಾಲನೆಯ ಅನುಭವ ಎಂಬ ಸಾಲಿನ ಮುಂದೆ ಸೊನ್ನೆ. ಅದೇ ವಾರ, ನಾನೀಗ ಸಹಾಯಕಿಯಾಗಿರುವ ಪ್ರಾಥಮಿಕ ಶಾಲೆಯಲ್ಲಿ, ಹದಿನೇಳು ವರ್ಷ ಪದವಿ ತರಗತಿಗಳಿಗೆ ಗಣಿತ ಹೇಳಿದ ನನಗೆ ನನ್ನ ಅರ್ಧ ವಯಸ್ಸಿನ ಶಿಕ್ಷಕಿಯೊಬ್ಬಳು ದುಂಡಗಿನ ಕಾಗದವನ್ನು ನಾಲ್ಕು ತುಂಡು ಮಾಡಿ ಭಿನ್ನರಾಶಿ ಎಂದರೇನೆಂದು ನಿಧಾನವಾಗಿ ಬಿಡಿಸಿ ಹೇಳಿದಳು. ಅವಳ ದನಿಯಲ್ಲಿ ಕೆಡುಕು ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

"ಹಳದಿ ಪಟ್ಟಿ ಎಂದರೇನು ಪುಟ್ಟಾ?" ಎಂದು ಕೇಳಿದೆ. ಅವಳು ಉತ್ತರ ಕೊಡದೆ ಓಡಿಹೋಗಿ ಅಜ್ಜನನ್ನು ಕರೆತಂದಳು.

ಆ ಅಜ್ಜ ಇಲ್ಲಿಗೆ ಹತ್ತಿರದ ಮೂರ್ಸ್‌ವಿಲ್‌ನಲ್ಲಿ ರೇಸ್ ಕಾರುಗಳ ಇಂಜಿನ್ ಜೋಡಿಸುತ್ತಿದ್ದವರು, ಈಗ ನಿವೃತ್ತರು. ಈ ಊರ ಸುತ್ತ ನಾಸ್ಕಾರ್ ಎಂಬ ಕಾರ್ ರೇಸೇ ಊರಹಬ್ಬ. ಮೇ ತಿಂಗಳ ಕೊನೆಯ ಸೋಮವಾರದ ಹಿಂದಿನ ದಿನ, ಭಾನುವಾರ, ಷಾರ್ಲೆಟ್ ಮೋಟಾರ್ ಸ್ಪೀಡ್‌ವೇಯಲ್ಲಿ 600 ಮೈಲಿಯ ಓಟ ನಡೆಯುತ್ತದೆ, ಒಂದೂವರೆ ಮೈಲಿಯ ಸುತ್ತನ್ನು 400 ಸಲ ಸುತ್ತಬೇಕು. ಅಂದು ಸಂಜೆ ನಮ್ಮ ಹಿತ್ತಲಲ್ಲಿ ನಿಂತರೂ ದೂರದ ಜೇನುಹುಟ್ಟಿನಂತೆ ಆ ಮೊರೆತ ಕೇಳುತ್ತದೆ. ಎರಡು ವರ್ಷ ಕೇಳಿದ್ದೇನೆ, ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಅಜ್ಜ ವಿವರಿಸಿದರು. ಆ ರೇಸಿಗೆ ಹೊಸದಾಗಿ ಬಂದ ಚಾಲಕನ ಕಾರಿನ ಹಿಂದಿನ ಬಂಪರಿಗೆ ಹಳದಿ ಪಟ್ಟಿ ಇರುತ್ತದೆ. ಮುಂದಿರುವವನು ಹೊಸಬ, ಜೋಪಾನ ಎಂದು ಹಿಂದಿನಿಂದ ಬರುವವರಿಗೆ ಗೊತ್ತಾಗಲಿ ಎಂದು. ಆ ಹೊಸಬರಲ್ಲಿ ವರ್ಷವಿಡೀ ಚೆನ್ನಾಗಿ ಓಡಿಸಿದ ಒಬ್ಬರಿಗೆ ರೂಕಿ ಆಫ್ ದ ಇಯರ್, ಅಂದರೆ ವರ್ಷದ ಹೊಸಬ, ಎಂಬ ಪ್ರಶಸ್ತಿ. ಈಗ ಅದಕ್ಕೆ ರೇಸಿನ ಇಂಧನ ಒದಗಿಸುವ ಸುನೊಕೊ ಕಂಪನಿಯ ಹೆಸರು, ಮುಂಚೆ ಬ್ರೇಕ್ ತಯಾರಿಸುವ ರೇಬೆಸ್ಟಾಸ್ ಹೆಸರಿತ್ತು. ಕಂಪನಿಯ ಹೆಸರು ಕೇಳಿದೊಡನೆ ಇದೂ ಒಂದು ಜಾಹೀರಾತು ಎಂದುಕೊಂಡೆ. ಜಾಹೀರಾತು ಹೌದು. ಆದರೆ ದುಡ್ಡು ಯಾರದೇ ಇರಲಿ, ಮೊದಲ ವರ್ಷವನ್ನು ಹಳಬರ ಸಾಲಿನಲ್ಲಿ ನಿಲ್ಲಿಸದೆ ಬೇರೆಯೇ ಅಳತೆಯಲ್ಲಿ ಅಳೆಯಬೇಕು ಎಂದು ಯಾರಿಗೋ ತೋಚಿದೆಯಲ್ಲ.

"ನನಗೆ ಹದಿನೈದು ವರ್ಷದ ಅನುಭವ ಇದೆ, ನಾನು ಹೊಸಬಳಲ್ಲ" ಎಂದೆ. ಸ್ವಲ್ಪ ಗಡುಸಾಗಿಯೇ ಹೇಳಿರಬೇಕು.

ಅಜ್ಜ ತಲೆಯಾಡಿಸಿ ಹುವಾನ್ ಪಾಬ್ಲೊ ಮೊಂಟೊಯಾ ಹೆಸರು ಹೇಳಿದರು. ಕೊಲಂಬಿಯಾದವನು. 2000ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದವನು, ಫಾರ್ಮುಲಾ ಒನ್‌ನಲ್ಲಿ ಏಳು ರೇಸ್ ಗೆದ್ದವನು, 2003ರಲ್ಲಿ ಮೊನಾಕೊವನ್ನೂ. ಅಂಥವನು 2007ರಲ್ಲಿ ಇಲ್ಲಿ ಪೂರ್ಣ ಋತುವಿಗೆ ಬಂದಾಗ ಅವನೂ ಹೊಸಬನೇ. ಆ ವರ್ಷವೇ ಸೊನೊಮಾದಲ್ಲಿ ಒಂದು ರೇಸ್ ಗೆದ್ದ, ವರ್ಷದ ಹೊಸಬ ಪ್ರಶಸ್ತಿಯನ್ನೂ ಪಡೆದ. 2025ರಲ್ಲಿ ಅದನ್ನು ಪಡೆದ ನ್ಯೂಜಿಲೆಂಡಿನ ಶೇನ್ ವಾನ್ ಗಿಸ್ಬರ್ಗನ್‌ಗೆ ಆಗ 36 ವರ್ಷ. ಆಸ್ಟ್ರೇಲಿಯಾದಲ್ಲಿ ಮೂರು ಸಲ ಚಾಂಪಿಯನ್ ಆಗಿದ್ದವನು. ಅಲ್ಲಿನ ಗೆಲುವು ಅಲ್ಲಿಯದು, ಇಲ್ಲಿಯ ಮೊದಲ ವರ್ಷ ಇಲ್ಲಿಯದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಅಜ್ಜನಿಗೆ ತೀರ ಇಷ್ಟದವನು ಅಲನ್ ಕುಲ್ವಿಕಿ. ವಿಸ್ಕಾನ್ಸಿನ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಇದ್ದಬದ್ದದ್ದನ್ನು ಮಾರಿ, ದಕ್ಷಿಣದ ಈ ಊರುಗಳಿಗೆ ಬಂದವನು. ದೊಡ್ಡ ತಂಡವಿಲ್ಲ, ತನ್ನ ಕಾರಿಗೆ ತಾನೇ ಧಣಿ. 1986ರಲ್ಲಿ ಹೊಸಬರ ಪ್ರಶಸ್ತಿ, 1992ರಲ್ಲಿ ಬರೀ ಹತ್ತು ಅಂಕಗಳ ಅಂತರದಲ್ಲಿ ಚಾಂಪಿಯನ್. ಮರುವರ್ಷ ಏಪ್ರಿಲ್ 1ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ. ಅಷ್ಟು ಹೇಳಿ ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಹುಡುಗಿಗೆ ಇದೆಲ್ಲ ಕೇಳಿ ಕೇಳಿ ಬಾಯಿಪಾಠ. ಅವಳು ನನ್ನ ಕೈ ಎಳೆದು ಹೇಳಿದಳು: "ಜಿಮ್ಮಿ ಜಾನ್ಸನ್ ಏಳು ಸಲ ಚಾಂಪಿಯನ್. ಆದರೂ ಅವನಿಗೆ ಆ ಪ್ರಶಸ್ತಿ ಇಲ್ಲ. ಅವನು ಹೊಸಬನಾಗಿದ್ದ 2002ರಲ್ಲಿ ಅದು ರಯಾನ್ ನ್ಯೂಮನ್‌ಗೆ ಹೋಯಿತು. ಇನ್ನು ಅದು ಅವನಿಗೆ ಯಾವತ್ತೂ ಸಿಗುವುದಿಲ್ಲ. ಅಜ್ಜನಿಗೂ ಸಿಗುವುದಿಲ್ಲ. ನಿಮಗೆ ಮಾತ್ರ ಸಿಗಬಹುದು."

ಎರಡು ವರ್ಷಗಳಲ್ಲಿ ಈ ದೇಶದಲ್ಲಿ ನನ್ನ ಹೊಸತನವನ್ನು ಒಂದು ಅರ್ಹತೆ ಎಂದು ಹೇಳಿದ ಮೊದಲ ಬಾಯಿ ಅದು.

ಅಜ್ಜ ತಮ್ಮ ಗ್ಯಾರೇಜಿನಿಂದ ಹಳದಿ ಟೇಪಿನ ಸುರುಳಿ ತಂದರು. ಬಂಪರನ್ನು ಬಟ್ಟೆಯಿಂದ ಒರೆಸಿ, ಒಣಗಿದೆಯೇ ಎಂದು ಅಂಗೈ ಆಡಿಸಿ ನೋಡಿ, ಎಡದಿಂದ ಬಲಕ್ಕೆ ಒಂದೇ ಎಳೆತಕ್ಕೆ ಅಂಟಿಸಿದರು. ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ಹುಡುಗಿ ಹೆಬ್ಬೆರಳಿನ ಉಗುರಿನಿಂದ ಒಂದೊಂದಾಗಿ ಅಂಚಿಗೆ ತಳ್ಳಿದಳು. ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ನಮ್ಮ ಅತ್ತೆ ಹೊಸ್ತಿಲಿಗೆ ರಂಗೋಲಿಯ ಎಳೆ ಎಳೆಯುವಾಗ ಹೀಗೆಯೇ ಮಾಡುತ್ತಿದ್ದರು.

ನಮ್ಮಲ್ಲೂ ಇದೆಯಲ್ಲ ಎಂದು ನನಗೆ ಎಲ್ ಬೋರ್ಡ್ ನೆನಪಾಯಿತು. ಬಿಳಿಯ ಮೇಲೆ ಕೆಂಪು ಅಕ್ಷರ, ಹದಿನೆಂಟು ಸೆಂಟಿಮೀಟರಿನ ಚೌಕ, ಹಿಂದೊಂದು ಮುಂದೊಂದು. ನಿಯಮ ಒಳ್ಳೆಯದೇ. ಆದರೆ ಎಲ್ ಬೋರ್ಡ್ ಕಂಡರೆ ನಾವು ಮಾಡುವುದೇನು? ಹಿಂದಿನಿಂದ ಹಾರ್ನ್ ಒತ್ತುತ್ತೇವೆ. ಬಲ್ಲಾಳ್ ವೃತ್ತದಲ್ಲಿ ಇಂಜಿನ್ ನಿಂತುಹೋಗಿ ಬೆವೆತ ಹುಡುಗಿಯ ಪಕ್ಕದಲ್ಲೇ ಗಾಜು ಇಳಿಸಿ ರೇಗಿ ಹೋದವಳು ನಾನೂ ಹೌದು.

ಅದಕ್ಕಿಂತ ಹಿಂದಿನದೊಂದು ಮೇಲೆದ್ದು ಬಂತು. ನಮ್ಮ ಕಾಲೇಜಿಗೆ ಬೀದರ್ ಕಡೆಯಿಂದ ಒಬ್ಬ ಹೊಸ ಉಪನ್ಯಾಸಕರು ಬಂದಿದ್ದರು, ಭೌತಶಾಸ್ತ್ರಕ್ಕೆ. ವೇಳಾಪಟ್ಟಿಯಲ್ಲಿ ಯಾರಿಗೂ ಬೇಡವಾದ ಬೆಳಗಿನ ಮೊದಲ ಅವಧಿ ಮತ್ತು ಸಂಜೆಯ ಕೊನೆಯ ಅವಧಿ ಅವರ ಪಾಲಿಗೆ. ಹೊಸಬರಲ್ಲವೇ, ಮಾಡಲಿ ಎಂದರು ಹಿರಿಯರು. ವೇಳಾಪಟ್ಟಿ ಬರೆದವಳು ನಾನು. ಅವರ ಕನ್ನಡದ ರಾಗಕ್ಕೆ ಅಧ್ಯಾಪಕರ ಕೊಠಡಿ ನಗುತ್ತಿತ್ತು. ಅವರು ಕಿಟಕಿಯ ಪಕ್ಕ ಕುಳಿತು ಸ್ಟೀಲ್ ಡಬ್ಬಿಯಿಂದ ಜೋಳದ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಯಲ್ಲಿ ಒತ್ತಿ ತಿನ್ನುತ್ತಿದ್ದರು. ರೊಟ್ಟಿ ಮುರಿಯುವ ಚಟ್ ಎಂಬ ಸದ್ದು ಜೋರಾಗದಂತೆ ಡಬ್ಬಿಯೊಳಗೇ ಕೈಯಿಟ್ಟು ಮುರಿಯುತ್ತಿದ್ದರು. ಅದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಬನ್ನಿ ಸರ್, ಇಲ್ಲಿ ಕೂರಿ ಎಂದು ಕರೆದಿರಲಿಲ್ಲ. ಅವರ ತರಗತಿಯ ಫಲಿತಾಂಶ ಆ ವರ್ಷ ಚೆನ್ನಾಗಿ ಬಂದಿತ್ತು. ಸಭೆಯಲ್ಲಿ ಪ್ರಾಂಶುಪಾಲರು ಓದಿದ ಅಭಿನಂದನೆಯಲ್ಲಿ ವಿಭಾಗದ ಹಿರಿಯರ ಹೆಸರಿತ್ತು.

ಎರಡನೆಯ ವರ್ಷದ ಕೊನೆಗೆ ಅವರು ವರ್ಗಾವಣೆ ಪಡೆದು ಹೊರಟರು. ಬೀಳ್ಕೊಡುಗೆಗೆ ಗಂಧದ ಹಾರ ತರಿಸಿದೆವು, ಮೈಸೂರು ಪೇಟ ತೊಡಿಸಿದೆವು, ಶಾಲು ಹೊದಿಸಿದೆವು. ಸ್ವಾಗತ ಭಾಷಣ ನನ್ನದೇ. ಅವರು ಬಂದ ದಿನ ಒಂದು ಲೋಟ ಕಾಫಿ ಕೊಟ್ಟವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.